ಬಸ್ ಸಿಗ್ನಲ್ ಆದ್ಯತೆ
ಸಂಚಾರ ದೀಪಗಳಿರುವ ವೃತ್ತಗಳಲ್ಲಿ ಸಾರ್ವಜನಿಕ ಬಸ್ಸುಗಳು ಕಾಯುವ ಸಮಯವನ್ನು ತಗ್ಗಿಸುವ ವ್ಯವಸ್ಥೆ. ರಸ್ತೆಯಡಿ ಹುದುಗಿಸಿದ ತಂತಿಸುರುಳಿ ಅಥವಾ ಬಸ್ಸಿನ ಜಿಪಿಎಸ್ ಮೂಲಕ ಬಸ್ಸು ಸಮೀಪಿಸುವುದನ್ನು ಗುರುತಿಸಿ, ಹಸಿರು ದೀಪವನ್ನು ಕೆಲವು ಸೆಕೆಂಡು ಮುಂದುವರಿಸಲಾಗುತ್ತದೆ; ಇಲ್ಲವೇ ಕೆಂಪನ್ನು ಬೇಗ ಮುಗಿಸಲಾಗುತ್ತದೆ. ಪಾದಚಾರಿಗಳು ದಾಟಲು ಬೇಕಾದ ಕನಿಷ್ಠ ಸಮಯಕ್ಕೆ ಧಕ್ಕೆಯಾಗದು. ಕೆಲವೆಡೆ ತಡವಾಗಿರುವ ಬಸ್ಸುಗಳಿಗೆ ಮಾತ್ರ ಆದ್ಯತೆ ಸಿಗುತ್ತದೆ.

ಇಂಥ ಆದ್ಯತೆಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಸಿದ್ಧ ನಿದರ್ಶನ. ಅಲ್ಲಿನ ಮತದಾರರು 1973ರಲ್ಲಿ ಸುರಂಗ ರೈಲು ಯೋಜನೆಯನ್ನು ತಿರಸ್ಕರಿಸಿ, 1977ರಲ್ಲಿ ಟ್ರಾಮ್ ಮತ್ತು ಬಸ್ಸುಗಳ ಸಂಚಾರ ಚುರುಕುಗೊಳಿಸಲು 20 ಕೋಟಿ ಫ್ರಾಂಕ್ ಮಂಜೂರು ಮಾಡಿದರು.

ತಂಗುದಾಣವು ಸಿಗ್ನಲ್ಲಿಗೆ ಮುಂಚೆಯೇ ಇದ್ದರೆ ಬಸ್ಸು ಹೊರಡುವ ಗಳಿಗೆಯನ್ನು ಅಂದಾಜಿಸುವುದು ಕಷ್ಟ. ಸಿಗ್ನಲ್ ದಾಟಿದ ಮೇಲಿದ್ದರೆ ಅನುಕೂಲ. ಒಂದೇ ಬಸ್ಸಿನಲ್ಲಿ ಹತ್ತಾರು ಜನ ಸಾಗುವುದರಿಂದ, ವಾಹನಗಳ ಬದಲು ಜನರನ್ನು ಎಣಿಸಿ ರಸ್ತೆಯ ಸಮಯವನ್ನು ಹಂಚುವುದು ಈ ವ್ಯವಸ್ಥೆಯ ಮೂಲತತ್ತ್ವ.