ಘಾಟಿ ಹತ್ತುವಾಗ ಕಾರ್ ಎಂಜಿನ್ ಹೀಟ್ ಆಯ್ತಾ? ಮೊದಲು ನಿಲ್ಲಿಸಿ, ಮುಚ್ಚಳ ಮುಟ್ಟಬೇಡಿ

ಬೇಸಿಗೆ ಬಂತೆಂದರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಕಾರುಗಳು ಕಾಣಿಸುತ್ತವೆ. ತುಂಬಾ ಜನ ಅಥವಾ ಅಂಗಡಿ ಮಾಲು, ಜೊತೆಗೆ ಎಸಿ, ಮುಂದೆ ತೆವಳುವ ಲಾರಿ. ಎಂಜಿನ್‌ಗೆ ಕೆಲಸ ಜಾಸ್ತಿ, ರೇಡಿಯೇಟರ್‌ಗೆ ಗಾಳಿ ಕಮ್ಮಿ. ‘ಇನ್ನೇನು ಕೊಟ್ಟಿಗೆಹಾರ ಬಂತು’ ಅಂತ ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಎಂಜಿನ್ ಸೀಜ್ ಕೂಡ ಆಗಬಹುದು. ಸಣ್ಣ ಪೈಪಿನಲ್ಲಿ ಮುಗಿಯೋ ರಿಪೇರಿ ಎಂಜಿನ್ ಬಿಚ್ಚೋ ತನಕ ಹೋಗುತ್ತೆ.

ತಕ್ಷಣ ಏನು ಮಾಡಬೇಕು?

ಮುಳ್ಳು ಮೇಲೇರಲು ಶುರುವಾದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಒಳಗೆ ಸೆಖೆಯಾದರೂ ಎಂಜಿನ್ ಬಿಸಿ ಸ್ವಲ್ಪ ಇಳಿಯುತ್ತೆ. ತಿರುವು ಬಿಟ್ಟು ಅಗಲವಾದ ಜಾಗದಲ್ಲಿ ನಿಲ್ಲಿಸಿ. ಕೆಂಪು ದೀಪ ಬಂದರೆ ಅಥವಾ ಹಬೆ ಎದ್ದರೆ ಕಾಯದೆ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡ ಇರುವುದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತೆ. ಮುಚ್ಚಳ ಸಡಿಲವಾದ ಕೂಡಲೇ ಉಕ್ಕಿ ಮುಖಕ್ಕೆ, ಕೈಗೆ ಹಾರುತ್ತೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯೋದೂ ತಪ್ಪು, ಲೋಹ ಬಿರುಕು ಬಿಡಬಹುದು. ಕನಿಷ್ಠ ಅರ್ಧ ಗಂಟೆ ಬಿಟ್ಟು, ಪೂರ್ತಿ ಆರಿದ ಮೇಲೆ ನೋಡಿ. ಆಫ್ ಮಾಡಿದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತೆ, ಕೈ ಹತ್ತಿರ ಒಯ್ಯಬೇಡಿ.

ತೊಂದರೆ ಎಲ್ಲಿದೆ?

• ಟ್ಯಾಂಕಿನಲ್ಲಿ ಕೂಲೆಂಟ್ ‘ಮಿನ್’ ಗೆರೆಗಿಂತ ಕೆಳಗಿದ್ದರೆ ಎಲ್ಲೋ ಸೋರಿದೆ. ಪೈಪ್, ಕ್ಲಿಪ್, ಕಾರಿನ ಕೆಳಗಿನ ನೆಲ ನೋಡಿ.
• ಟ್ರಾಫಿಕ್‌ನಲ್ಲಿ ಹೀಟ್, ಹೈವೇಲಿ ಸರಿ ಅಂದರೆ ಫ್ಯಾನ್ ಮೇಲೆ ಅನುಮಾನ. ಮೋಟಾರ್, ಫ್ಯೂಸ್, ರಿಲೇ ಚೆಕ್ ಮಾಡಿಸಿ.
• ಏರು, ವೇಗದಲ್ಲಿ ಮಾತ್ರ ಹೀಟ್ ಆದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು.
• ಎಂಜಿನ್ ಹೀಟ್ ಆದರೂ ರೇಡಿಯೇಟರ್‌ನ ಒಂದು ಪೈಪ್ ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲದಿರಬಹುದು. ಇದನ್ನು ಮೆಕ್ಯಾನಿಕ್ ಕೈಲೇ ನೋಡಿಸಿ.
• ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯಂತಾಗಿದ್ದರೆ, ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಬೋರ್‌ವೆಲ್ ನೀರು ಬೇಡ

ತುರ್ತಿಗೆ ಕುಡಿಯುವ ನೀರು ಹಾಕಿ ಗ್ಯಾರೇಜ್ ತನಕ ಹೋಗಬಹುದು. ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಬೋರ್‌ವೆಲ್ ನೀರಿನ ಲವಣ, ಪಾತ್ರೆಯಲ್ಲಿ ಕೂರುವ ಬಿಳಿ ಪದರದಂತೆ, ರೇಡಿಯೇಟರ್ ಒಳಗೂ ಕಟ್ಟಿಕೊಳ್ಳುತ್ತೆ, ತುಕ್ಕೂ ಹಿಡಿಯುತ್ತೆ. ಆಮೇಲೆ ಗ್ಯಾರೇಜ್‌ನಲ್ಲಿ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ತುಂಬಿಸಿ. ರೆಡಿಮಿಕ್ಸ್ ಕೂಲೆಂಟ್‌ಗೆ ನೀರು ಬೆರೆಸಬಾರದು. ಗಟ್ಟಿ ಕೂಲೆಂಟ್ ಆದರೆ ಡಬ್ಬಿ ಮೇಲಿನ ಅಳತೆಯಂತೆ ಡಿಸ್ಟಿಲ್ಡ್ ವಾಟರ್ ಸೇರಿಸಿ, ಸಾಮಾನ್ಯವಾಗಿ ಸಮಪಾಲು. ಕೂಲೆಂಟ್ ವಿಷ, ರುಚಿ ಸಿಹಿ. ಮಕ್ಕಳು, ನಾಯಿಗಳ ಕೈಬಾಯಿಗೆ ಸಿಗದಂತೆ ಇಡಿ.

ಘಾಟಿ ಹತ್ತುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಗೆರೆ ನೋಡಿ. 2 ನಿಮಿಷದ ಕೆಲಸ.