ಹಸುವಿನ ಅಂಡಾಶಯದಿಂದ ಕೋಶದ ಗ್ರಾಹಕದವರೆಗೆ

ಹಾಲು ಕೊಡುವ ಹಸುವಿಗೂ ಸ್ತನ ಕ್ಯಾನ್ಸರಿನ ಚಿಕಿತ್ಸೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ಯುವ ವೈದ್ಯ ಜಾರ್ಜ್ ಬೀಟ್‌ಸನ್ ಹಾಲಿನ ಸ್ರಾವವನ್ನು ಕುರಿತು ಎಂ.ಡಿ. ಪ್ರಬಂಧ ಬರೆಯುತ್ತಿದ್ದರು. ಅಂಡಾಶಯ ತೆಗೆದ ಹಸು ಹೆಚ್ಚು ಕಾಲ ಹಾಲು ಕೊಡುತ್ತದೆ ಎಂಬುದು ಕೆಲವು ದೇಶಗಳ ರೈತರಿಗೆ ಗೊತ್ತಿದ್ದ ಸಂಗತಿ. ಒಂದು ಅಂಗ ದೂರದ ಇನ್ನೊಂದು ಅಂಗವನ್ನು ಆಳುತ್ತದೆ ಎಂಬ ಈ ಸುಳಿವು ಬೀಟ್‌ಸನ್‌ರ ಮನಸ್ಸನ್ನು ಹಿಡಿಯಿತು. 'ಹಾರ್ಮೋನು' ಎಂಬ ಪದ ಬಳಕೆಗೆ ಬಂದದ್ದು 1905ರಲ್ಲಿ ಎಂಬುದನ್ನು ನೆನಪಿಡಿ.

ಸ್ತನದ ಹಾಲಿನ ನಾಳಗಳಿಗೆ ಎರಡು ಪದರದ ಕೋಶಗಳ ಹೊದಿಕೆಯಿದೆ. ನಾಳದ ಪೊಳ್ಳಿನ ಕಡೆಗೆ ಒಳಪದರ. ಅದರ ಸುತ್ತ, ಸಂಕುಚಿಸಿ ಹಾಲನ್ನು ಮುಂದೂಡುವ ಕೋಶಗಳ ಪದರ. ಹಾಲೂಡುವ ಕಾಲದಲ್ಲಿ ಹೊದಿಕೆಯ ಕೋಶಗಳು ವೃದ್ಧಿಯಾಗಿ ಕೊನೆಗೆ ಹಾಲಾಗಿ ಕರಗುತ್ತವೆ, ಕ್ಯಾನ್ಸರಿನಲ್ಲಿ ವೃದ್ಧಿಯಾಗುತ್ತವೆ, ಆದರೆ ಕರಗುವುದಿಲ್ಲ ಎಂದು ಬೀಟ್‌ಸನ್ ತರ್ಕಿಸಿದರು. ವಿವರದಲ್ಲಿ ಇದು ತಪ್ಪು. ಕೋಶಗಳು ಹಾಲಾಗುವುದಿಲ್ಲ, ಹಾಲನ್ನು ಸ್ರವಿಸುತ್ತವೆ. ಆದರೂ ತಪ್ಪು ತರ್ಕ ಸರಿಯಾದ ಬಾಗಿಲನ್ನೇ ತಟ್ಟಿತು!

1895ರ ಜೂನ್‌ನಲ್ಲಿ, ಶಸ್ತ್ರಚಿಕಿತ್ಸೆಯ ನಂತರವೂ ಕ್ಯಾನ್ಸರ್ ಮರುಕಳಿಸಿದ್ದ 33 ವರ್ಷದ ಮಹಿಳೆಯೊಬ್ಬರ ಅಂಡಾಶಯಗಳನ್ನು ಅವರು ತೆಗೆದರು. ಎಂಟು ತಿಂಗಳಲ್ಲಿ ಗಂಟುಗಳು ಮಾಯವಾದವು. 1896ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ರೋಗ ಮತ್ತೆ ಬಂತು; ಆಕೆ ಶಸ್ತ್ರಚಿಕಿತ್ಸೆಯ ನಂತರ ಸುಮಾರು ನಾಲ್ಕು ವರ್ಷ ಬದುಕಿದರು.

ಇತರ ವೈದ್ಯರೂ ಪ್ರಯತ್ನಿಸಿದರು. 1900ರಲ್ಲಿ ಸ್ಟ್ಯಾನ್ಲಿ ಬಾಯ್ಡ್ ಈ ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಕಂಡದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದಿಬ್ಬರಿಗೆ ದಕ್ಕಿದ್ದು ಗಾಯ ಮಾತ್ರ. ಯಾರು ಆ ಒಬ್ಬರು ಎಂದು ಮುಂಚಿತವಾಗಿ ತಿಳಿಯುವ ದಾರಿ ಏಳು ದಶಕಗಳವರೆಗೆ ಸಿಗಲಿಲ್ಲ.

ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ವರ್ಗದ ಹಾರ್ಮೋನು ಶುದ್ಧ ರೂಪದಲ್ಲಿ ದೊರೆತದ್ದು 1929ರಲ್ಲಿ. 1950ರ ದಶಕದ ಕೊನೆಯಲ್ಲಿ ಷಿಕಾಗೋದ ಎಲ್‌ವುಡ್ ಜೆನ್ಸನ್, ವಿಕಿರಣಶೀಲ ಟ್ರಿಟಿಯಮ್ ಜೋಡಿಸಿದ ಈಸ್ಟ್ರಡಯಾಲನ್ನು ಎಳೆಯ ಹೆಣ್ಣಿಲಿಗಳಿಗೆ ಕೊಟ್ಟರು. ಸ್ನಾಯು, ರಕ್ತಗಳಲ್ಲಿ ಅದು ನಿಲ್ಲಲಿಲ್ಲ. ಗರ್ಭಕೋಶ ಮಾತ್ರ ಅದನ್ನು ಹಿಡಿದಿಟ್ಟುಕೊಂಡಿತು, ಅದೂ ಯಾವ ರಾಸಾಯನಿಕ ಬದಲಾವಣೆಯೂ ಇಲ್ಲದೆ. ಹಾಗಾದರೆ ಅಲ್ಲಿಯ ಕೋಶಗಳಲ್ಲಿ ಅದನ್ನು ಹಿಡಿಯುವ ಪ್ರೋಟೀನು ಇರಲೇಬೇಕು. ಅದೇ ಈಸ್ಟ್ರೋಜನ್ ಗ್ರಾಹಕ. ಹಾರ್ಮೋನು ಕೂಡಿಕೊಂಡ ಗ್ರಾಹಕವು ಡಿಎನ್‌ಎಗೆ ಅಂಟಿ, ಗೊತ್ತಾದ ಜೀನ್‌ಗಳನ್ನು ಎಚ್ಚರಿಸುತ್ತದೆ.

1970ರ ದಶಕದ ಆರಂಭದಲ್ಲಿ ಬಾಯ್ಡ್‌ರ ಲೆಕ್ಕಕ್ಕೆ ಉತ್ತರ ದೊರೆಯಿತು. ಗ್ರಾಹಕವಿಲ್ಲದ ಗಂಟುಗಳು ಹಾರ್ಮೋನು ಕಡಿತಕ್ಕೆ ಬಗ್ಗುವುದು ಬಹಳ ಅಪರೂಪ. ಗಂಟಿನ ಒಂದು ತುಣುಕನ್ನು ಪರೀಕ್ಷಿಸಿ, ವ್ಯರ್ಥ ಶಸ್ತ್ರಚಿಕಿತ್ಸೆಯಿಂದ ರೋಗಿಯನ್ನು ಉಳಿಸಬಹುದಾಯಿತು. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ತಯಾರಿಸಿದ್ದ ಟಮಾಕ್ಸಿಫೆನ್, ಗರ್ಭನಿರೋಧಕವಾಗಿ ಸೋತು, ಗ್ರಾಹಕದ ಬೀಗಕ್ಕೆ ಅಡ್ಡ ಕೂರುವ ಕೀಲಿಯಾಗಿ ಗೆದ್ದಿತು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೊದಲ ವರದಿ ಬಂದದ್ದು 1971ರಲ್ಲಿ.

ನಿಮ್ಮ ವಿದ್ಯಾರ್ಥಿಗಳ ಮುಂದಿಡಲು ಇನ್ನೊಂದು ಒಗಟು ಇದೆ. ಆರೋಗ್ಯವಂತ ಸ್ತನದಲ್ಲಿ ಗ್ರಾಹಕ ಹೊತ್ತ ಕೋಶಗಳು ಸಾಮಾನ್ಯವಾಗಿ ತಾವು ವಿಭಜಿಸುವುದಿಲ್ಲ. ಪಕ್ಕದ ಕೋಶಗಳಿಗೆ ರಾಸಾಯನಿಕ ಸಂದೇಶ ಕಳಿಸಿ ಅವುಗಳನ್ನು ವಿಭಜನೆಗೆ ಹಚ್ಚುತ್ತವೆ. ಮ್ಯಾಂಚೆಸ್ಟರಿನ ಸಂಶೋಧಕರು 1997ರಲ್ಲಿ ಇದನ್ನು ತೋರಿಸಿದರು. ಗ್ರಾಹಕವಿರುವ ಕ್ಯಾನ್ಸರಿನಲ್ಲಿ ಮಾತ್ರ, ಗ್ರಾಹಕ ಹೊತ್ತ ಕೋಶವೇ ವಿಭಜಿಸತೊಡಗುತ್ತದೆ.