ಧೂಳಿಗೂ ಮೊದಲು ಗಾಳಿ

ವಾಯು ಗುಣಮಟ್ಟದ ಸಭೆಗಳಲ್ಲಿ ಈಗ ಕ್ಯಾಲಿಬ್ರೇಷನ್ ಎಂದರೆ ಎಲ್ಲರಿಗೂ ಹೊಳೆಯುವುದು ಒಂದು ಸಮೀಕರಣ. ಅಗ್ಗದ ಸೆನ್ಸರನ್ನು ದುಬಾರಿ ಯಂತ್ರದ ಪಕ್ಕ ಕೆಲವು ವಾರ ಇಟ್ಟು, ಎರಡರ ಅಂಕಿಗಳನ್ನೂ ಕಂಪ್ಯೂಟರಿಗೆ ಉಣಿಸಿದರೆ ತಿದ್ದುಪಡಿ ಸಿದ್ಧ. ಆ ವಾರಗಳಲ್ಲಿ ದುಬಾರಿ ಯಂತ್ರ ನಿಜಕ್ಕೂ ಎಷ್ಟು ಗಾಳಿ ಎಳೆಯುತ್ತಿತ್ತು ಎಂದು ಕೇಳುವವರು ಕಡಿಮೆ. ಮೂವತ್ತು ವರ್ಷ ಇದೇ ಪ್ರಶ್ನೆ ಹಿಡಿದು ಕಟ್ಟಡಗಳ ತಾರಸಿ ಹತ್ತಿದವನು ನಾನು. ಗಾಳಿಯ ಹರಿವನ್ನು ಅಳೆಯುವ ವಿದ್ಯೆ ನಡೆದುಬಂದ ದಾರಿಯನ್ನು ಅದಕ್ಕಾಗಿಯೇ ಬರೆದಿಡುತ್ತಿದ್ದೇನೆ.

ನಾವು ಓದುವ ಪಿಎಂ 2.5 ಒಂದು ಭಾಗಾಕಾರ. ಮೇಲೆ ಧೂಳಿನ ತೂಕ, ಕೆಳಗೆ ಅದು ತೇಲುತ್ತಿದ್ದ ಗಾಳಿಯ ಗಾತ್ರ. ತೂಕಕ್ಕೆ ಮೈಕ್ರೊ ತಕ್ಕಡಿ, ತೇವ ಹತೋಟಿಯ ಕೋಣೆ, ಕೈಗವಸು, ಎಲ್ಲ ಮರ್ಯಾದೆಯೂ ಸಿಕ್ಕಿತು. ಗಾಳಿಯನ್ನು ಪಂಪಿಗೆ ಒಪ್ಪಿಸಿ ಸುಮ್ಮನಾದೆವು.

ಮೊದಲ ಹಂತವನ್ನು ಬೇಗ ಹೇಳಿ ಮುಗಿಸಬಹುದು. 1950ರ ದಶಕದಲ್ಲಿ ಅಮೆರಿಕದಲ್ಲಿ ಹೈ ವಾಲ್ಯೂಮ್ ಸ್ಯಾಂಪ್ಲರ್ ಬಳಕೆಗೆ ಬಂತು. ನಿಮಿಷಕ್ಕೆ ಒಂದು ಘನಮೀಟರಿಗೂ ಹೆಚ್ಚು ಗಾಳಿ ಎಳೆಯುವ, ವ್ಯಾಕ್ಯೂಮ್ ಕ್ಲೀನರಿನ ಜಾತಿಯ ಮೋಟಾರು ಅದರದು. 1971ರಲ್ಲಿ ಅದೇ ಅಲ್ಲಿನ ಅಧಿಕೃತ ವಿಧಾನವಾಯಿತು. ಅದರ ಹರಿವನ್ನು ತೂತಿರುವ ತಟ್ಟೆಯಿಂದ, ಅಂದರೆ ಆರಿಫಿಸ್‌ನಿಂದ, ನೋಡುತ್ತಿದ್ದರು. ಆರಿಫಿಸನ್ನು ರೂಟ್ಸ್ ಮೀಟರಿಗೆ ಹೋಲಿಸುತ್ತಿದ್ದರು. ಎಂಟರ ಆಕಾರದ ಎರಡು ಉರುಳೆಗಳು ಸುತ್ತು ಸುತ್ತಿಗೂ ಇಷ್ಟೆಂದು ಗಾಳಿಯನ್ನು ಮೊಗೆದು ಹಾಕುವ ರೂಟ್ಸ್ ಮೀಟರ್ ನಮ್ಮ ಕಸುಬಿನ ಸೇರು. ಸಣ್ಣ ಹರಿವಿಗೆ ಗಾಜಿನ ನಳಿಗೆಯಲ್ಲಿ ಏರುವ ಸೋಪಿನ ಪೊರೆಯೂ ಸ್ಟಾಪ್‌ವಾಚೂ ಸಾಕಾಗುತ್ತಿದ್ದವು. ಅಷ್ಟು ಪಾರದರ್ಶಕವಾದ ಉಪಕರಣ ಆಮೇಲೆ ಬರಲಿಲ್ಲ.

ನಿಜವಾದ ತಿರುವು ಇಂಪ್ಯಾಕ್ಟರಿನದು. ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕ್ಯಾಸ್ಕೇಡ್ ಇಂಪ್ಯಾಕ್ಟರನ್ನು ಕೆ. ಆರ್. ಮೇ 1945ರಲ್ಲಿ ವಿವರಿಸಿದ್ದರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವರ್ಜಿಲ್ ಮಾರ್ಪಲ್ 1970ರ ಸುಮಾರಿಗೆ ಅದಕ್ಕೆ ಗಣಿತದ ಬುನಾದಿ ಹಾಕಿದರು. ಅಮೆರಿಕದಲ್ಲಿ 1987ರಲ್ಲಿ ಪಿಎಂ 10, 1997ರಲ್ಲಿ ಪಿಎಂ 2.5 ಮಾನದಂಡಗಳಾದ ಮೇಲೆ ಹರಿವಿನ ಅರ್ಥವೇ ಬದಲಾಯಿತು. ಎಷ್ಟು ಗಾಳಿ ಬಂತು ಎನ್ನುವುದರ ಜೊತೆಗೆ ಯಾವ ಗಾತ್ರದ ಕಣ ಒಳಗೆ ಬರಬೇಕು ಎನ್ನುವುದನ್ನೂ ಹರಿವೇ ತೀರ್ಮಾನಿಸತೊಡಗಿತು. ನಿಮಿಷಕ್ಕೆ 16.67 ಲೀಟರ್ ಇರಬೇಕಾದ ಹರಿವು 15ಕ್ಕೆ ಇಳಿದರೆ ಇಂಪ್ಯಾಕ್ಟರಿನ ಗಡಿ 2.5 ಮೈಕ್ರಾನಿನಿಂದ ಸುಮಾರು 2.6ಕ್ಕೆ ಸರಿಯುತ್ತದೆ. ಗಾಳಿ ಕಡಿಮೆ ಬಂದು ತೂಕ ತಗ್ಗುತ್ತದೆ, ದಪ್ಪ ಕಣ ನುಸುಳಿ ತೂಕ ಏರುತ್ತದೆ. ಒಂದು ತಪ್ಪು ಇನ್ನೊಂದರ ಬೆನ್ನ ಹಿಂದೆ ಅಡಗುತ್ತದೆ. ಸಮೀಕರಣದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಭಾರತದಲ್ಲಿ ವಾಯು ಕಾಯ್ದೆ 1981ರಲ್ಲಿ ಬಂತು, ರಾಷ್ಟ್ರೀಯ ಮಾಪನ ಜಾಲ 1984ರಲ್ಲಿ ಶುರುವಾಯಿತು. ನಮ್ಮ ತಲೆಮಾರು ಕೈ ಪಳಗಿಸಿಕೊಂಡದ್ದು ರೆಸ್ಪಿರಬಲ್ ಡಸ್ಟ್ ಸ್ಯಾಂಪ್ಲರಿನಲ್ಲಿ. ಸೈಕ್ಲೋನಿನಲ್ಲಿ ಸುತ್ತಿದ ದಪ್ಪ ಧೂಳು ಕೆಳಗಿನ ಬಟ್ಟಲಿಗೆ ಬೀಳುತ್ತಿತ್ತು, ಸಣ್ಣದು ಗಾಜಿನಾರಿನ ಫಿಲ್ಟರಿಗೆ ಹತ್ತುತ್ತಿತ್ತು. ವಾರಕ್ಕೆರಡು ದಿನ, ವರ್ಷಕ್ಕೆ 104 ದಿನ, ದಿನಕ್ಕೆ ಎಂಟೆಂಟು ಗಂಟೆಯ ಮೂರು ಪಾಳಿ. ಹರಿವು ಕಾಣುತ್ತಿದ್ದುದು ಮ್ಯಾನೊಮೀಟರಿನ ನೀರಿನ ಮಟ್ಟದಲ್ಲಿ. ಬೇಸಿಗೆಯಲ್ಲಿ ಆ ನೀರು ಆರಿ ಸೊನ್ನೆಯ ಗೆರೆಯೇ ಜಾರುತ್ತಿತ್ತು. ಮೋಟಾರಿನ ಕಾರ್ಬನ್ ಬ್ರಷ್ ಸವೆಯುತ್ತಿತ್ತು, ವೋಲ್ಟೇಜ್ ಬಿದ್ದರೆ ಹರಿವೂ ಬೀಳುತ್ತಿತ್ತು. ಫಿಲ್ಟರ್ ಕಪ್ಪಾದಂತೆ ಉಸಿರು ಕಟ್ಟುತ್ತಿತ್ತು. ಮೊದಲ ಮತ್ತು ಕೊನೆಯ ಹರಿವಿನ ಸರಾಸರಿ ತೆಗೆದರೆ ಆಯಿತು ಎಂಬ ಪಾಠವಿತ್ತು. ಸಂಜೆ ಪಕ್ಕದ ಖಾಲಿ ಸೈಟಿನಲ್ಲಿ ಕಸ ಸುಟ್ಟರೆ ಫಿಲ್ಟರ್ ಅರ್ಧ ಗಂಟೆಯಲ್ಲಿ ಬಿಗಿಯುತ್ತದೆ. ಅಂಥ ದಿನ ಸರಾಸರಿ ಸುಳ್ಳು ಹೇಳುತ್ತದೆ. ಗಂಟೆಗೊಮ್ಮೆ ಮಟ್ಟ ಬರೆದುಕೊಂಡವರ ಅಂಕಿಗಳನ್ನು ನಾನು ಈಗಲೂ ನಂಬುತ್ತೇನೆ.

2009ರ ನವೆಂಬರಿನಲ್ಲಿ ನಮ್ಮ ಮಾನದಂಡಗಳಲ್ಲಿ ಪಿಎಂ 2.5 ಸೇರಿತು, ದಿನದ ಮಿತಿ ಘನಮೀಟರಿಗೆ 60 ಮೈಕ್ರೊಗ್ರಾಂ. ಬರಬರುತ್ತ ಬೀಟಾ ಕಿರಣದ ಸ್ವಯಂಚಾಲಿತ ಯಂತ್ರಗಳು ಹೆಚ್ಚಿದವು. ಪರದೆಯ ಮೇಲೆ ಸದಾ 16.7. ಆ ಅಂಕಿ ಎಷ್ಟೋ ಜನರ ಕಣ್ಣು ಮುಚ್ಚಿಸಿತು. ಯಂತ್ರದ ಹರಿವಿನ ಸೆನ್ಸರ್ ಇರುವುದು ಧೂಳು ಹಿಡಿಯುವ ಫಿಲ್ಟರ್ ಟೇಪಿನ ಆಚೆ, ಪಂಪಿನ ಕಡೆ. ನಾಜಲಿನ ತುಟಿಗೆ ಟೇಪಿನ ನಾರು ಮೆತ್ತಿಕೊಂಡು ಸಂದು ಬಿಟ್ಟರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಸೆನ್ಸರಿಗೆ ಅದೂ ಲೆಕ್ಕ. ಪರದೆ 16.7 ಎನ್ನುತ್ತದೆ, ತಾರಸಿಯ ಮೇಲಿನ ಬಾಯಿ 14 ಕುಡಿಯುತ್ತಿರುತ್ತದೆ. ಇದನ್ನು ಹಿಡಿಯಬೇಕಾದರೆ ಡೆಲ್ಟಾಕ್ಯಾಲ್‌ನಂಥ ಪ್ರತ್ಯೇಕ ಮಾಪಕವನ್ನು ಹೊತ್ತು ಮೇಲೆ ಹತ್ತಿ, ಇನ್‌ಲೆಟ್ ತಲೆ ತೆಗೆದು, ಅಲ್ಲೇ ಕೂರಿಸಿ ನೋಡಬೇಕು. ಅಮೆರಿಕದ ನಿಯಮ ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಕೇಳುತ್ತದೆ. ಮಾಪಕಕ್ಕೂ ಯಂತ್ರಕ್ಕೂ ಶೇ. 4ರೊಳಗೆ, ನಿಗದಿತ ಹರಿವಿಗೆ ಶೇ. 5ರೊಳಗೆ ವ್ಯತ್ಯಾಸವಿರಬೇಕು.

ಬೆಂಗಳೂರಿಗೆ ಇನ್ನೊಂದು ತೊಡಕು. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. ಯಂತ್ರವನ್ನು ‘ಸ್ಟ್ಯಾಂಡರ್ಡ್’ ಹರಿವಿಗೆ ಹೊಂದಿಸಿಬಿಟ್ಟರೆ ಅದು ಸಮುದ್ರಮಟ್ಟದ ಗಾಳಿಯ ಲೆಕ್ಕದಲ್ಲಿ 16.67 ತುಂಬಲು ಇಲ್ಲಿ ಸುಮಾರು 18.5 ಲೀಟರ್ ಎಳೆಯುತ್ತದೆ. ಮಂಗಳೂರಿನಲ್ಲಿ ಕಾಣದ ತಪ್ಪು ಬೆಂಗಳೂರಿನಲ್ಲಿ ಶೇ. 10 ದಾಟುತ್ತದೆ. ಇಂಪ್ಯಾಕ್ಟರಿಗೆ ಬೇಕಾದದ್ದು ಸ್ಥಳದ ಗಾಳಿಯ ನಿಜವಾದ ವೇಗ. ಹಾಗಾಗಿ ‘ಆ್ಯಕ್ಚುವಲ್’ ಹರಿವಿನ ಪಕ್ಷ ನನ್ನದು, ಅದನ್ನು ಬಿಟ್ಟುಕೊಡಲಾರೆ.

ಈಗಿನ ಲೇಸರ್ ಸೆನ್ಸರುಗಳಿಗೆ ನ್ಯಾಯವಾಗಿ ಹೇಳಬೇಕಾದ ಮಾತಿದೆ. ಪ್ಲಾಂಟವರ್ ಪಿಎಂಎಸ್ 5003 ಚದುರಿದ ಬೆಳಕನ್ನು ಒಟ್ಟಾಗಿ ಓದುವ ಬಗೆಯದು. ಅಂಥದರಲ್ಲಿ ಹರಿವು ತುಸು ಹೆಚ್ಚುಕಡಿಮೆಯಾದರೂ ಅಂಕಿ ಅದೇ ಪ್ರಮಾಣದಲ್ಲಿ ಕೆಡುವುದಿಲ್ಲ. ಆದರೆ ಬೆರಳ ತುದಿಯಷ್ಟಿರುವ ಅದರ ಫ್ಯಾನು ದಪ್ಪ ಧೂಳನ್ನು ಒಳಗೆಳೆದುಕೊಳ್ಳಲಾರದು. ವರ್ಷ ಕಳೆದಂತೆ ಒಳಬಂದ ಧೂಳು ರೆಕ್ಕೆಗೆ ಮೆತ್ತುತ್ತದೆ. ಅಮೆರಿಕದಲ್ಲಿ ಇಂಥ ಸೆನ್ಸರಿಗೆ ಆರ್ದ್ರತೆ ಸೇರಿಸಿ ಕಟ್ಟಿದ ತಿದ್ದುಪಡಿ ಉಪಯುಕ್ತವೇ. ಅದನ್ನು ಕಟ್ಟುವಾಗ ಪಕ್ಕದಲ್ಲಿದ್ದವು ತಪಾಸಣೆಯ ಶಿಸ್ತಿಗೆ ಒಳಪಟ್ಟ ಯಂತ್ರಗಳು ಎಂಬುದನ್ನು ಇಲ್ಲಿ ನಕಲು ಮಾಡುವವರು ಮರೆಯುತ್ತಾರೆ.

ನಮ್ಮಲ್ಲಿ ಬಾಕಿ ಉಳಿದ ಕೆಲಸ ಬಹಳ ದೊಡ್ಡದೇನಲ್ಲ. ಜನರಿಗೆ ಕಾಣುವ ಪಿಎಂ ಅಂಕಿಯ ಪಕ್ಕದಲ್ಲಿ ಕೊನೆಯ ಹರಿವು ಪರೀಕ್ಷೆಯ ದಿನಾಂಕವೂ ಫಲಿತಾಂಶವೂ ಇರಬೇಕು. ಯಂತ್ರ ಮಾರಿದವರೇ ಅದನ್ನು ಪರೀಕ್ಷಿಸಬಾರದು. ಮಾಪಕವೂ ವರ್ಷಕ್ಕೊಮ್ಮೆ ಮೇಲಿನ ಮಾನಕದ ಮುಂದೆ ನಿಲ್ಲಬೇಕು. ತಾರಸಿ ಹತ್ತುವ ಹುಡುಗರ ಕೈಗೆ ಅವರ ಭಾಷೆಯ ಕೈಪಿಡಿ ಬೇಕು. ನಾನು ನೋಡಿಕೊಳ್ಳುತ್ತಿದ್ದ ಒಂದು ಕೇಂದ್ರದ ಬಾಗಿಲ ಒಳಮೈಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿದ್ದೆ: ಮೊದಲು ತಾಪ, ಆಮೇಲೆ ಒತ್ತಡ, ಆಮೇಲೆ ಸೋರಿಕೆ, ಕೊನೆಗೆ ಹರಿವು. ಹೊಸಬನೊಬ್ಬ ನೇರ ಹರಿವನ್ನೇ ನೋಡಿದರೆ ಏನು ಎಂದು ಕೇಳಿದ. ತಾಪದ ಸೆನ್ಸರಿಗೆ ಒದ್ದೆ ಬಟ್ಟೆ ಸುತ್ತಿ, ಹರಿವು ಎಷ್ಟು ಸರಿಯುತ್ತದೋ ನೀನೇ ನೋಡು ಎಂದು ಮಾಪಕವನ್ನು ಅವನ ಕೈಗೆ ಕೊಟ್ಟೆ.